ನೋವನ್ನು ಯಾರಿಗೆ ಹೇಳಬೇಕು?



ವಾರ್ಡಿನಲ್ಲಿ ನಾವು ದಿನವೂ ಕೇಳುವ ಪ್ರಶ್ನೆ, “ನೋವು ಹೇಗಿದೆ?” ಬರುವ ಉತ್ತರವೂ ಹೆಚ್ಚಾಗಿ ಒಂದೇ, “ಏನಿಲ್ಲ ಸಿಸ್ಟರ್, ಆರಾಮ ಐತೆ.” ಹಾಗೆನ್ನುವಾಗ ಮಂಚದ ಕಂಬಿ ಹಿಡಿದ ಕೈ ಮಾತ್ರ ಬಿಗಿಯಾಗಿರುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನಾನು ಬಾಯಿಗಿಂತ ಮೊದಲು ಕೈಯನ್ನು ನೋಡುತ್ತೇನೆ.

ನದಿ ದಂಡೆಯ ಹಳ್ಳಿಯ ಹಿರಿಯರೊಬ್ಬರಿಗೆ ಕ್ಯಾನ್ಸರ್ ಮೂಳೆಗೆ ಹಬ್ಬಿತ್ತು. ಒಂದು ದಿನ ನನ್ನನ್ನು ಹತ್ತಿರ ಕರೆದು, “ರಾತ್ರಿ ನಿದ್ದೆ ಇಲ್ಲಮ್ಮ, ಸೊಂಟ ಮುರಿದಂಗೆ ಆಗುತ್ತೆ. ನಮ್ಮಾಕಿಗೆ ಹೇಳಬ್ಯಾಡ, ತಡಕೊಳ್ಳಲ್ಲ” ಎಂದರು. ಹೊರಗೆ ಬಂದರೆ ಬಾಗಿಲಲ್ಲಿ ಅವರ ಹೆಂಡತಿ. “ರಾತ್ರಿ ಅವರು ನರಳೋದು ಕೇಳ್ತಾ ಮಲಗಿರ್ತೀನಿ. ನನಗೆ ಎಚ್ಚರ ಇರುತ್ತೆ ಅಂತ ಅವರಿಗೆ ಹೇಳಬ್ಯಾಡ್ರಿ” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಲವತ್ತು ವರ್ಷ ಜೊತೆಯಲ್ಲಿ ಬಾಳಿದವರು. ಒಬ್ಬರಿಗೊಬ್ಬರು ನೋವು ಕೊಡಬಾರದೆಂದು ಇಬ್ಬರೂ ಮುಚ್ಚಿಟ್ಟಿದ್ದರು. ಅದು ಪ್ರೀತಿಯೇ, ಇಲ್ಲವೆನ್ನಲಾರೆ. ಆದರೆ ಆ ಪ್ರೀತಿಯಿಂದಲೇ ಇಬ್ಬರೂ ಒಂಟಿಯಾಗಿದ್ದರು.

ಮಾತ್ರೆ ಕೊಡುತ್ತಿದ್ದೀರಾ ಎಂದು ಆ ತಾಯಿಯನ್ನು ಕೇಳಿದೆ. ವೈದ್ಯರು ಬರೆದುಕೊಟ್ಟ ಮಾರ್ಫಿನ್ ಮಾತ್ರೆಗಳನ್ನು ಅವರು ಡಬ್ಬಿಯಲ್ಲಿ ಜೋಪಾನವಾಗಿ ಎತ್ತಿಟ್ಟಿದ್ದರು. ತೀರಾ ತಡೆಯಲಾಗದಾಗ ಮಾತ್ರ ಒಂದು ಕೊಡುವುದು. ಈಗಲೇ ಕೊಟ್ಟರೆ ಮುಂದಕ್ಕೆ ಕೆಲಸ ಮಾಡುವುದಿಲ್ಲ, ಚಟ ಹಿಡಿಯುತ್ತದೆ ಎಂಬ ಭಯ. ಈ ಭಯ ಅವರೊಬ್ಬರದಲ್ಲ, ಓದಿದವರಲ್ಲೂ ಇದೆ.

ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪಾಠ ಮಾಡುವಾಗ ನಾನು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಅವರ ಕಥೆ ಹೇಳುತ್ತೇನೆ. ಆಕೆ ಮೊದಲು ನಮ್ಮ ಹಾಗೆ ನರ್ಸ್. ಬೆನ್ನುನೋವಿನಿಂದಾಗಿ ಆ ಕೆಲಸ ಬಿಟ್ಟು, ಆಸ್ಪತ್ರೆಯಲ್ಲಿ ರೋಗಿಗಳ ಕಷ್ಟಸುಖ ವಿಚಾರಿಸುವ ಕೆಲಸಕ್ಕೆ ಸೇರಿದರು. ಅಲ್ಲಿ ಪೋಲೆಂಡಿನ ಒಬ್ಬ ರೋಗಿಯ ಪರಿಚಯವಾಯಿತು. ಹೇಳಿಕೊಳ್ಳಲು ತನ್ನವರೆಂಬವರಿಲ್ಲದ ಮನುಷ್ಯ. 1948ರಲ್ಲಿ ಆತ ತೀರಿಕೊಂಡಾಗ, ಆಕೆ ಮುಂದೆ ಕಟ್ಟಲಿರುವ ಮನೆಗೆ ಕಿಟಕಿಯಾಗಲಿ ಎಂದು 500 ಪೌಂಡ್ ಬಿಟ್ಟುಹೋಗಿದ್ದ. ಆಕೆ ವೈದ್ಯಕೀಯ ಓದಿ ಡಾಕ್ಟರಾದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆರಂಭವಾಯಿತು. ನೋವು ಬಂದ ಮೇಲೆ ಔಷಧಿಯಲ್ಲ, ನೋವು ಮರಳುವ ಮೊದಲೇ ಗಡಿಯಾರ ನೋಡಿ ಔಷಧಿ ಎಂಬುದು ಆಕೆಯ ಪಾಠ. ಇನ್ನೊಂದು ಪಾಠವೂ ಇದೆ. ನೋವು ಮೈಯದು ಮಾತ್ರವಲ್ಲ. ಸಾಲದ ಚಿಂತೆ, ಮನೆಯವರ ಯೋಚನೆ, ‘ನನಗೇ ಏಕೆ’ ಎಂಬ ಪ್ರಶ್ನೆ ಎಲ್ಲವೂ ಅದರೊಳಗೆ ಸೇರಿರುತ್ತವೆ.

ನಮ್ಮ ದೇಶದಲ್ಲಿ ಗಸಗಸೆ ಗಿಡವನ್ನು ಸರ್ಕಾರದ ಪರವಾನಗಿಯಿಂದ ಬೆಳೆಯುತ್ತಾರೆ, ಮಾರ್ಫಿನ್ ಬರುವುದೂ ಅದರಿಂದಲೇ. ಹಾಗಿದ್ದೂ 1985ರ ಕಾಯ್ದೆಯ ಬಿಗಿಯಿಂದ ನಮ್ಮ ರೋಗಿಗಳಿಗೇ ಅದು ಸಿಗುವುದು ಕಷ್ಟವಾಗಿತ್ತು. 2014ರ ತಿದ್ದುಪಡಿ ದಾರಿಯನ್ನು ಸ್ವಲ್ಪ ಸುಲಭ ಮಾಡಿತು. ಸಿಕ್ಕ ಮಾತ್ರೆ ಡಬ್ಬಿಯಲ್ಲೇ ಉಳಿದರೆ ಏನು ಪ್ರಯೋಜನ?

ವೈದ್ಯರು ಬರೆದ ವೇಳೆಗೆ, ಬರೆದಷ್ಟೇ ಕೊಡಿ. ನೀವಾಗಿಯೇ ಹೆಚ್ಚಿಸಬೇಡಿ, ಒಮ್ಮೆಲೇ ನಿಲ್ಲಿಸಲೂಬೇಡಿ. ಈ ಮಾತ್ರೆಯಿಂದ ಮಲಬದ್ಧತೆ ಆಗುವುದರಿಂದ ಅದಕ್ಕೆ ಬರೆದ ಔಷಧಿಯನ್ನು ತಪ್ಪಿಸಬೇಡಿ. ಮೊದಲ ಕೆಲವು ದಿನ ಮಂಪರು ಇರಬಹುದು. ಆದರೆ ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ, ಬೇರೆಯವರ ನೋವಿಗೆ ಕೊಡಬೇಡಿ.

ಆ ಹಿರಿಯರಿಗೆ ನೋವನ್ನು ಅಂಕಿಯಲ್ಲಿ ಹೇಳುವುದನ್ನು ಕಲಿಸಿದೆವು. ನೋವೇ ಇಲ್ಲದಿದ್ದರೆ 0, ಇದಕ್ಕಿಂತ ಹೆಚ್ಚು ಇರಲಾರದು ಎನ್ನುವಂತಿದ್ದರೆ 10. ಹೆಂಡತಿಯ ಎದುರಿಗೇ ಅವರು ಮೊದಲ ಬಾರಿ “ಎಂಟು” ಎಂದರು. ಆಕೆ ಅಳಲಿಲ್ಲ. “ನನಗೆ ಗೊತ್ತಿತ್ತು” ಎಂದರು. ಅಂದು ಗಂಡಹೆಂಡತಿ ಬಹಳ ಹೊತ್ತು ಮಾತಾಡಿದರು, ನಾನು ಪಕ್ಕದ ಮಂಚದ ಕಡೆ ಹೋದೆ.

ಮನೆಗೆ ಹೋದ ಮೇಲೆ ಮೊಮ್ಮಗಳು ನೆಲ್ಲಿನ ಚೀಲದ ಲೆಕ್ಕದ ಪುಸ್ತಕದಲ್ಲೇ ದಿನವೂ ಅಂಕಿ ಬರೆದಳು. ಎರಡು ವಾರಕ್ಕೆ ಎಂಟು ಇದ್ದದ್ದು ಮೂರಕ್ಕೆ ಬಂದಿತ್ತು. ರೋಗ ಅಲ್ಲಿಯೇ ಇತ್ತು, ಅದನ್ನು ಯಾರೂ ಮರೆಮಾಚಲಿಲ್ಲ. ಆದರೆ ಅವರು ಗೋಡೆಗೆ ಒರಗಿ ಕೂತು, ಹೆಂಡತಿಯ ಮೊರ ಎಳೆದುಕೊಂಡು ಅಕ್ಕಿಯ ಕಲ್ಲು ಆರಿಸತೊಡಗಿದ್ದರಂತೆ. “ಮದುವಿ ಆದಾಗಿಂದ ಒಂದು ದಿನ ಮೊರ ಮುಟ್ಟಿದವರಲ್ಲ, ಅರ್ಧ ಕಲ್ಲು ಅಲ್ಲೇ ಬಿಡ್ತಾರೆ” ಎಂದು ಆ ತಾಯಿ ನಗುತ್ತಾ ದೂರು ಹೇಳಿದರು. ಆ ಅಕ್ಕಿಯನ್ನು ಮತ್ತೆ ಆರಿಸುತ್ತೀರಾ ಎಂದು ಕೇಳಿದೆ. “ಇಲ್ಲ, ಹಂಗೇ ಮಾಡ್ತೀನಿ” ಎಂದರು.

ಆ ಪುಸ್ತಕದಲ್ಲಿ ಎರಡನೆಯ ಸಾಲೊಂದನ್ನು ಎಳೆಯಲು ನಾನು ಹೇಳಿದ್ದೆ, ನೋಡಿಕೊಳ್ಳುವವರಿಗಾಗಿ. ಮೊದಲ ದಿನ ಆಕೆ ತನ್ನ ಸಾಲಿನಲ್ಲಿ ಒಂಬತ್ತು ಬರೆಸಿದ್ದರು. ಗಂಡನದಕ್ಕಿಂತ ಒಂದು ಹೆಚ್ಚು.

ಮುಂದಿನ ಸಲ ತಪಾಸಣೆಗೆ ಬರುವಾಗ ತಾವೂ ಹೀಗೊಂದು ಪುಸ್ತಕ ತನ್ನಿ. ಎರಡೂ ಸಾಲು ತುಂಬಿರಲಿ.