ಈಜುಕೊಳದ ನೀರು, ಈಜುಗಾರರ ಉಸಿರು

ನೀರಿಗಿಳಿಯದೆ ಈಜು ಬಾರದೆಂಬುದು ಎಲ್ಲರೂ ಬಲ್ಲ ಮಾತು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ನೀರುಣ್ಣುವ ಗಂಗಾವತಿ ಸೀಮೆಯವನು ನಾನು, ಊರು ಮರಳಿ. ನಮ್ಮ ಕಡೆಯ ಹುಡುಗರು ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಬಾವಿಗಿಳಿದು ಈಜು ಕಲಿಯುವರು. ನಗರಗಳಲ್ಲಾದರೋ ಈಜಿಗೆಂದೇ ಕೊಳಗಳುಂಟು. 2000ರ ಒಲಿಂಪಿಕ್ಸಿಗೆ ನಿಶಾ ಮಿಲ್ಲೆಟ್, 2021ರಲ್ಲಿ ಟೋಕಿಯೋಗೆ ಶ್ರೀಹರಿ ನಟರಾಜ್ ಹೋದುದು ಬೆಂಗಳೂರಿನ ಇಂತಹ ಕೊಳಗಳಲ್ಲಿ ಪಳಗಿಯೇ. ಕೆಲವು ಕೊಳಗಳು ಬಯಲಿನಲ್ಲಿದ್ದರೆ, ಕೆಲವು ಗೋಡೆ ಸೂರುಗಳ ಒಳಗಿರುವುವು. ಈ ಎರಡನೆಯ ಬಗೆಯ ಕೊಳಗಳ ಗಾಳಿಯನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಊರ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದನ್ನು ನಾವೆಲ್ಲ ಕಂಡಿದ್ದೇವೆ. ಅದರಲ್ಲಿರುವ ಕ್ಲೋರೀನು ರೋಗಾಣುಗಳನ್ನು ಕೊಲ್ಲುವುದು. ನೂರಾರು ಜನ ಇಳಿಯುವ ಕೊಳಕ್ಕೆ ಇದಿಲ್ಲದೆ ಗತಿಯಿಲ್ಲ. ಆದರೆ ಕ್ಲೋರೀನು ರೋಗಾಣುವನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಈಜುಗಾರರ ಬೆವರು, ಮೂತ್ರ, ಮೈಗೆ ಹಚ್ಚಿದ ಎಣ್ಣೆ ಇವುಗಳೊಡನೆಯೂ ಕೂಡಿಕೊಂಡು ಹೊಸ ವಸ್ತುಗಳನ್ನು ಹುಟ್ಟಿಸುವುದು. ಬೆವರು, ಮೂತ್ರಗಳಲ್ಲಿರುವ ಯೂರಿಯಾದಿಂದ ಟ್ರೈಕ್ಲೋರಮೈನ್ ಎಂಬುದು ಉಂಟಾಗುವುದು. ಅದು ನೀರಿನಲ್ಲಿ ನಿಲ್ಲದೆ ಗಾಳಿಗೆ ಏರಿ, ಕಣ್ಣು, ಮೂಗು, ಗಂಟಲುಗಳನ್ನು ಉರಿಸುವುದು. ಕೊಳದ ಬಳಿ ಮೂಗಿಗೆ ಬಡಿಯುವ ಆ ಘಾಟನ್ನು ನಾವು ಶುದ್ಧಿಯ ಗುರುತೆಂದು ತಿಳಿಯುತ್ತೇವೆ. ವಾಸ್ತವವಾಗಿ ಅದು ಕೊಳೆಯ ಗುರುತು!

ಕ್ಲೋರೀನು ಬೆರೆತ ಕುಡಿಯುವ ನೀರಿನಲ್ಲಿ ಕ್ಲೋರೋಫಾರಂ ಮುಂತಾದವು ಹುಟ್ಟುವುದನ್ನು 1974ರಲ್ಲಿ ಹಾಲೆಂಡಿನ ರೂಕ್ ಎಂಬ ವಿಜ್ಞಾನಿ ತೋರಿಸಿಕೊಟ್ಟನು. ಕೊಳದಲ್ಲಿ ಇವು ಬಾಯಿಂದ ಮಾತ್ರವಲ್ಲ, ಉಸಿರು ಮತ್ತು ಚರ್ಮದ ಮೂಲಕವೂ ದೇಹವನ್ನು ಸೇರುವುವು. ಈಜುಗಾರನ ಮುಖ ನೀರಿಗೆ ತಾಗಿಯೇ ಇರುವುದು. ಅವನ ಉಸಿರೂ ಜೋರು. 2010ರಲ್ಲಿ ಪ್ರಕಟವಾದ ಬಾರ್ಸಿಲೋನಾದ ಒಂದು ಅಧ್ಯಯನದಲ್ಲಿ 49 ಮಂದಿಯನ್ನು ಒಳಾಂಗಣ ಕೊಳದಲ್ಲಿ 40 ನಿಮಿಷ ಈಜಿಸಿ, ಅವರ ಉಸಿರನ್ನು ಪರೀಕ್ಷಿಸಿದರು. ಅದರಲ್ಲಿ ಈ ವರ್ಗದ ವಸ್ತುಗಳು ಮೊದಲಿಗಿಂತ ಸುಮಾರು ಏಳು ಪಟ್ಟು ಹೆಚ್ಚಿದ್ದುವು. ಹಾಗೆಂದು ಈಜನ್ನು ಬಿಡಿರೆಂದು ಅವರು ಹೇಳಲಿಲ್ಲ. ಈ ವಸ್ತುಗಳನ್ನು ತಗ್ಗಿಸಿದರೆ ಈಜಿನ ಲಾಭ ಇನ್ನೂ ಹೆಚ್ಚುವುದೆಂದರು.

ಈಜುಗಾರನು ಗಂಟೆ ಕಳೆದು ಮನೆಗೆ ಹೋದಾನು. ಆದರೆ ದಿನವಿಡೀ ದಡದಲ್ಲಿ ನಿಲ್ಲುವ ಶಿಕ್ಷಕನ, ಕಾವಲುಗಾರನ ಪಾಡೇನು? ಇಂತಹ ಕೆಲಸಗಾರರಲ್ಲಿ ಉಬ್ಬಸ ಕಂಡುಬಂದುದುಂಟು. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ, ಒಂದು ಘನ ಮೀಟರು ಗಾಳಿಯಲ್ಲಿ ಟ್ರೈಕ್ಲೋರಮೈನ್ 0.5 ಮಿಲಿಗ್ರಾಮನ್ನು ಮೀರಬಾರದೆಂದು ಸೂಚಿಸಿತು. ಹೊಟ್ಟೆಪಾಡಿಗಾಗಿ ಬೆಂಗಳೂರಿಗೆ ಹೋಗುವ ನಮ್ಮ ಕಡೆಯ ತರುಣನೊಬ್ಬನಿಗೆ ಇಂತಹ ಕೆಲಸ ದೊರೆತರೆ, ಅವನಿಗೆ ಇದನ್ನು ತಿಳಿಸುವವರಾರು?

ಪರಿಹಾರವು ಕಠಿನವಲ್ಲ. ಇಳಿಯುವ ಮೊದಲು ಸೋಪು ಹಚ್ಚಿ ಮೈ ತೊಳೆಯಬೇಕು. ನೀರಿನಲ್ಲಿ ಮೂತ್ರ ಮಾಡಲಾಗದು. ಆಗಾಗ ಹೊಸ ನೀರು ಬೆರೆಸಬೇಕು. ಹೊರಗಿನ ಗಾಳಿ ಒಳಗೆ ಆಡಬೇಕು. ಕ್ಲೋರೀನನ್ನು ಮನಬಂದಂತೆ ಸುರಿಯದೆ, ಅಳತೆಯರಿತು ಹಾಕಬೇಕು. ಅದನ್ನು ನಿಲ್ಲಿಸುವುದು ಮಾತ್ರ ಸಲ್ಲದು. ರೋಗಾಣುಗಳ ಭಯ ಇದಕ್ಕಿಂತ ಹಿರಿದು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗ. ಶಾಸ್ತ್ರದ ಮಾತು ಪ್ರಯೋಗಶಾಲೆಯಲ್ಲೇ ಉಳಿಯದೆ ದುಡಿಯುವವನ ಕಿವಿಗೂ ಬೀಳಬೇಕೆಂಬುದು ನನ್ನ ಆಸೆ. ಕೊಳದ ಶುದ್ಧಿ ಔಷಧದ ಡಬ್ಬಿಯಿಂದಲ್ಲ, ಅದಕ್ಕೆ ಇಳಿಯುವವನ ನಡತೆಯಿಂದ ಮೊದಲಾಗುವುದೆಂಬುದನ್ನು ಸಹಪಾಠಿಗಳು ನೆನಪಿಡಲಿ.