ರಜೆಯಲ್ಲಿ ಗಿಡಕ್ಕೆ ನೀರು ಹಾಕುವವರು ಯಾರು?

ಮಕ್ಕಳೇ, ಜುಲೈ ತಿಂಗಳಲ್ಲಿ ನೀವು ಶಾಲೆಯ ಕುಂಡದಲ್ಲಿ ಮೆಣಸಿನ ಬೀಜ ಬಿತ್ತಿದಿರಿ ಎನ್ನಿ. ಸರದಿಯ ಪ್ರಕಾರ ದಿನವೂ ನೀರು ಹಾಕಿದಿರಿ. ದಸರಾ ರಜೆ ಬರುವ ಹೊತ್ತಿಗೆ ಗಿಡದಲ್ಲಿ ಮೊಗ್ಗು ಕಾಣಿಸಿತು. ರಜೆ ಮುಗಿಸಿ ಓಡಿ ಬಂದು ನೋಡಿದರೆ ಎಲೆಗಳು ಸುರುಟಿವೆ, ಮಣ್ಣು ಬಿರುಕು ಬಿಟ್ಟಿದೆ. ಎಷ್ಟು ಬೇಸರವಾಗುತ್ತದೆ ಅಲ್ಲವೇ?

ಹೊಲದ ಗಿಡ ಬೇರನ್ನು ಆಳಕ್ಕೆ ಇಳಿಸಿ ತೇವವನ್ನು ಹುಡುಕಬಲ್ಲದು. ಕುಂಡದ ಗಿಡಕ್ಕೆ ಆ ದಾರಿಯಿಲ್ಲ. ನಾವು ಕೊಟ್ಟಷ್ಟೇ ನೀರು ಅದಕ್ಕೆ ಗತಿ. ನಾವು ಇಲ್ಲದಾಗಲೂ ಅದು ತಾನೇ ನೀರು ಕುಡಿಯುವಂತೆ ಮಾಡಬಹುದೇ? ಮಾಡಬಹುದು. ಅದಕ್ಕೆ ಬೇಕಾದುದು ಒಂದು ಬತ್ತಿ!

ಬತ್ತಿಯಲ್ಲಿ ನೀರು ಏರುವುದು ಹೇಗೆ?

ಹಣತೆಯನ್ನು ನೆನಪಿಸಿಕೊಳ್ಳಿ. ಎಣ್ಣೆ ಕೆಳಗಿದೆ, ಉರಿ ಮೇಲಿದೆ. ಎಣ್ಣೆಯನ್ನು ಯಾರೂ ಮೇಲಕ್ಕೆ ತಳ್ಳುವುದಿಲ್ಲ. ಆದರೂ ಅದು ಬತ್ತಿಯನ್ನು ಹಿಡಿದು ಮೇಲೇರುತ್ತದೆ. ನೀರೂ ಹಾಗೆಯೇ ಏರುತ್ತದೆ.

ಹತ್ತಿಯ ಎಳೆಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳಿವೆ. ನೀರಿನ ಅಣುಗಳು ಎಳೆಗಳಿಗೆ ಅಂಟಿಕೊಳ್ಳುತ್ತವೆ, ಒಂದನ್ನೊಂದು ಹಿಡಿದುಕೊಂಡೂ ಇರುತ್ತವೆ. ಹೀಗಾಗಿ ಮುಂದಿನ ಅಣುಗಳು ಸಂದಿನಲ್ಲಿ ಏರಿದಾಗ ಹಿಂದಿನವೂ ಅವುಗಳ ಜೊತೆ ಏರುತ್ತವೆ. ಲೋಮ ಎಂದರೆ ಕೂದಲು. ಕೂದಲಿನಂಥ ಸಣ್ಣ ನಾಳದಲ್ಲಿ ದ್ರವ ಏರುವ ಈ ಕ್ರಿಯೆಯನ್ನು ಲೋಮನಾಳ ಕ್ರಿಯೆ ಎನ್ನುತ್ತಾರೆ.

ನಾಳ ಕಿರಿದಾದಷ್ಟೂ ನೀರು ಹೆಚ್ಚು ಎತ್ತರಕ್ಕೆ ಏರುತ್ತದೆ. ಇಂಗ್ಲೆಂಡಿನ ವೈದ್ಯ ಜೇಮ್ಸ್ ಜುರಿನ್ 1718ರಲ್ಲಿ ಈ ನಿಯಮವನ್ನು ವಿವರಿಸಿದರು. 1 ಮಿ.ಮೀ. ವ್ಯಾಸದ ಗಾಜಿನ ನಾಳದಲ್ಲಿ ನೀರು ಸುಮಾರು 3 ಸೆಂ.ಮೀ. ಏರುತ್ತದೆ. 0.1 ಮಿ.ಮೀ. ವ್ಯಾಸದ ನಾಳದಲ್ಲಿ ಸುಮಾರು 30 ಸೆಂ.ಮೀ. ಏರುತ್ತದೆ.

ಮಣ್ಣಿನ ಕಣಗಳ ನಡುವೆಯೂ ಇಂಥ ಸಂದುಗಳಿವೆ. ಬೇರು ನೀರು ಕುಡಿದು ಮಣ್ಣು ಒಣಗತೊಡಗಿದಾಗ ಅದು ಬತ್ತಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಮಣ್ಣು ಸಾಕಷ್ಟು ನೆನೆದಾಗ ಎಳೆತ ಕಡಿಮೆಯಾಗುತ್ತದೆ. ಎಷ್ಟು ಖರ್ಚಾಯಿತೋ ಅಷ್ಟು ನೀರು ಏರುತ್ತದೆ.

ಬೇಕಾಗುವ ಸಾಮಗ್ರಿಗಳು

2 ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ, ಒಗೆದ ಹಳೆಯ ಹತ್ತಿ ಬಟ್ಟೆಯ ಪಟ್ಟಿ (2 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದ), ಮಣ್ಣು, ಕಾಂಪೋಸ್ಟ್, ತೆಂಗಿನ ನಾರಿನ ಪುಡಿ, ಮೆಣಸಿನ ಸಸಿ, ಹಳೆಯ ಕಾಗದ, ಅಂಟುಪಟ್ಟಿ, ಅಳತೆಯ ಲೋಟ.

ಮಾಡುವ ವಿಧಾನ

1. ಬಾಟಲಿಯನ್ನು ಮಧ್ಯದಲ್ಲಿ ಅಡ್ಡಲಾಗಿ ಕತ್ತರಿಸಿ. ಮುಚ್ಚಳದಲ್ಲಿ ಬತ್ತಿ ತೂರುವಷ್ಟು ರಂಧ್ರ ಮಾಡಿ. ಈ ಎರಡು ಕೆಲಸಗಳನ್ನು ಶಿಕ್ಷಕರಿಂದಲೇ ಮಾಡಿಸಿಕೊಳ್ಳಿ.

2. ಬಟ್ಟೆಯ ಪಟ್ಟಿಯನ್ನು ಹೊಸೆದು ನೀರಿನಲ್ಲಿ ನೆನೆಸಿ. ಹೊಸ ಬಟ್ಟೆ ಬೇಡ; ಅದರಲ್ಲಿ ಗಂಜಿ ಇದ್ದರೆ ನೀರನ್ನು ಚೆನ್ನಾಗಿ ಹೀರುವುದಿಲ್ಲ. ಬತ್ತಿಯನ್ನು ಮುಚ್ಚಳದ ರಂಧ್ರದಲ್ಲಿ ತೂರಿಸಿ, ಮುಚ್ಚಳವನ್ನು ಬಾಟಲಿಗೆ ಹಾಕಿ.

3. ಬಾಟಲಿಯ ಮೇಲಿನ ಭಾಗವನ್ನು ತಲೆಕೆಳಗು ಮಾಡಿ ಕೆಳಗಿನ ಭಾಗದೊಳಗೆ ಕೂರಿಸಿ. ಬತ್ತಿಯ ಕೆಳತುದಿ ತಳವನ್ನು ಮುಟ್ಟಬೇಕು. ಮೇಲಿನ ತುದಿ ಮಣ್ಣಿನೊಳಗೆ ನಿಲ್ಲಬೇಕು.

4. ಮಣ್ಣು, ಕಾಂಪೋಸ್ಟ್, ನಾರಿನ ಪುಡಿಗಳನ್ನು ಸಮಭಾಗ ಬೆರೆಸಿ ತುಂಬಿ. ಬರೀ ಜೇಡಿಮಣ್ಣು ಬೇಡ. ನೆನೆದ ಜೇಡಿಯಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಸಸಿಯನ್ನು ನೆಡಿ.

5. ಮೊದಲ ಸಲ ಮೇಲಿನಿಂದಲೇ ನೀರು ಹಾಕಿ, ಮಣ್ಣನ್ನು ಪೂರ್ತಿ ನೆನೆಸಿ. ಕೆಳಗೆ ಇಳಿದ ನೀರನ್ನು ಚೆಲ್ಲಿ. ನಂತರ ಕೆಳಗಿನ ಭಾಗಕ್ಕೆ 500 ಮಿ.ಲೀ. ನೀರು ತುಂಬಿ. ನೀರು ಮುಚ್ಚಳದವರೆಗೆ ಬಂದರೆ ಸ್ವಲ್ಪ ಕಡಿಮೆ ಮಾಡಿ.

6. ಕೆಳಗಿನ ಭಾಗಕ್ಕೆ ಕಾಗದ ಸುತ್ತಿ. ಬೆಳಕು ಬಿದ್ದರೆ ನೀರಿನಲ್ಲಿ ಪಾಚಿ ಬೆಳೆಯುತ್ತದೆ. ಎರಡು ಭಾಗಗಳು ಸೇರುವ ಸಂದನ್ನು ಅಂಟುಪಟ್ಟಿಯಿಂದ ಮುಚ್ಚಿ. ನಿಂತ ನೀರಿನಲ್ಲಿ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡಲು ಅವಕಾಶ ಕೊಡಬಾರದು.

ರಜೆಗೆ ಮೊದಲು ಒಂದು ಲೆಕ್ಕ

ಬತ್ತಿ ನೀರನ್ನು ಏರಿಸುತ್ತದೆ, ಆದರೆ ಹೊಸ ನೀರನ್ನು ತರುವುದಿಲ್ಲ. ಆದ್ದರಿಂದ ರಜೆಗೆ ಒಂದು ವಾರ ಮೊದಲೇ ಪರೀಕ್ಷೆ ಮಾಡಿ. 500 ಮಿ.ಲೀ. ನೀರು ಹಾಕಿ, 2 ದಿನಗಳ ನಂತರ ಉಳಿದ ನೀರನ್ನು ಅಳೆಯಿರಿ. 420 ಮಿ.ಲೀ. ಉಳಿದಿದೆ ಎನ್ನಿ. ಅಂದರೆ ದಿನಕ್ಕೆ 40 ಮಿ.ಲೀ. ಖರ್ಚಾಗಿದೆ. 500 ಮಿ.ಲೀ. ನೀರು ಹನ್ನೆರಡೂವರೆ ದಿನಗಳಿಗೆ ಮುಗಿಯುತ್ತದೆ. ರಜೆ 15 ದಿನವಾದರೆ? ಗಿಡ ಕೊನೆಯ ದಿನಗಳಲ್ಲಿ ಬಾಯಾರುತ್ತದೆ!

ಈಗ ಅದೇ ಗಿಡವನ್ನು ನೇರ ಬಿಸಿಲು ಬೀಳದ, ಆದರೆ ಬೆಳಕಿರುವ ಕಡೆ ಇಟ್ಟು ಮತ್ತೆ ಅಳೆಯಿರಿ. ಖರ್ಚು ದಿನಕ್ಕೆ 30 ಮಿ.ಲೀ.ಗೆ ಇಳಿದರೆ 15 ದಿನಕ್ಕೆ 450 ಮಿ.ಲೀ. ಸಾಕು. ಇವು ಲೆಕ್ಕ ತಿಳಿಯಲು ಕೊಟ್ಟ ಅಂಕಿಗಳು. ನಿಮ್ಮ ಗಿಡದ ಅಂಕಿಯನ್ನು ನೀವೇ ಕಂಡುಹಿಡಿಯಬೇಕು. ಗಿಡ ದೊಡ್ಡದಾದಷ್ಟೂ, ಗಾಳಿ ಬಿಸಿಲು ಹೆಚ್ಚಾದಷ್ಟೂ ಖರ್ಚು ಹೆಚ್ಚುತ್ತದೆ. ಸ್ವಲ್ಪ ನೀರು ಮಿಗುವಂತೆ ಲೆಕ್ಕ ಹಾಕಿ.

ನೆನಪಿಡಿ

ಕೊಳವೆಬಾವಿಯ ಗಡಸು ನೀರು ಬಳಸಿದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ತಿಂಗಳಿಗೊಮ್ಮೆ ಮೇಲಿನಿಂದ ನೀರು ಹಾಕಿ ಅದನ್ನು ತೊಳೆದು, ಕೆಳಗಿಳಿದ ನೀರನ್ನು ಚೆಲ್ಲಿ. ಹತ್ತಿಯ ಬತ್ತಿ ಕ್ರಮೇಣ ಕೊಳೆಯುತ್ತದೆ. ಆಗಾಗ ಪರೀಕ್ಷಿಸಿ ಬದಲಿಸಿ. ಪಾಪಾಸುಕಳ್ಳಿಗೆ ಈ ವಿಧಾನ ಬೇಡ. ಸದಾ ತೇವವಿದ್ದರೆ ಅದರ ಬೇರು ಕೊಳೆಯುತ್ತದೆ.

ಮಾಡಿ ನೋಡಿ, ಯೋಚಿಸಿ

1. ಹತ್ತಿ, ಸೆಣಬು, ನೈಲಾನ್ ದಾರಗಳನ್ನು ಬಣ್ಣದ ನೀರಿನ ಮೇಲೆ ತೂಗುಬಿಟ್ಟು, ತುದಿ ಮಾತ್ರ ಮುಳುಗಿಸಿ. ಒಂದು ಗಂಟೆಯಲ್ಲಿ ಯಾವುದರಲ್ಲಿ ನೀರು ಹೆಚ್ಚು ಏರಿತು?

2. ತುಂಬಿದ ಬಕೆಟ್ಟಿನ ಅಂಚಿನ ಮೇಲೆ ಒದ್ದೆ ಬಟ್ಟೆಯನ್ನು ಹಾಕಿ. ಒಂದು ತುದಿ ನೀರಿನಲ್ಲಿರಲಿ, ಇನ್ನೊಂದು ಹೊರಗೆ ನೀರಿನ ಮಟ್ಟಕ್ಕಿಂತ ಕೆಳಗೆ ಜೋತುಬೀಳಲಿ. ನೆಲ ಏಕೆ ಒದ್ದೆಯಾಗುತ್ತದೆ? ಗಿಡದ ಬತ್ತಿಯನ್ನು ಹೀಗೆ ಬಿಟ್ಟರೆ ಏನಾಗಬಹುದು?

ಉತ್ತರಗಳನ್ನು ವಿಜ್ಞಾನದ ಪುಸ್ತಕದಲ್ಲಿ ಬರೆದಿಡಿ. ರಜೆ ಮುಗಿದ ದಿನ ಕುಂಡದಲ್ಲಿ ಎಷ್ಟು ನೀರು ಉಳಿದಿದೆ ಎಂಬುದನ್ನೂ ಅಳೆದು ಅದರ ಕೆಳಗೆ ಬರೆಯಿರಿ. ನಿಮ್ಮ ಲೆಕ್ಕ ಸರಿಯಾಗಿತ್ತೇ ಎಂದು ಆಗ ತಿಳಿಯುತ್ತದೆ.