ಯೂರಿಯಾ ಒಡೆಯಲು ಒಂದು ಕೊಡ ನೀರು ಸಾಕು

ನಮ್ಮದು ಮಳೆ ನಂಬಿದ ಕೆಂಪು ಮಣ್ಣಿನ ಹೊಲ. ಹೋದ ವರ್ಷ ಎರಡು ಎಕರೆ ರಾಗಿಗೆ ಮೇಲುಗೊಬ್ಬರ ಅಂತ ಒಂದು ಚೀಲ ಯೂರಿಯಾ ಚೆಲ್ಲಿದೆ. ಮೋಡ ಇತ್ತು, ಮಳೆ ಬರಲಿಲ್ಲ. ಬೆಳಗ್ಗೆ ಇಬ್ಬನಿ, ಮಧ್ಯಾಹ್ನ ಗಾಳಿ. ಮೂರನೇ ದಿನ ಹೊಲದಲ್ಲಿ ಗಂಜಲದಂಥ ಘಾಟು. ವಾರದ ಮೇಲೆ ಮಳೆ ಬಂದರೂ ರಾಗಿ ಹಸಿರಾಗಲಿಲ್ಲ. ಗೊಬ್ಬರ ಎಲ್ಲಿ ಹೋಯಿತು?

ನಾನು ಓದಿದ್ದು ಏಳನೇ ಕ್ಲಾಸು. ಪಿಯುಸಿ ಓದುವ ಮಗಳು, 'ಮೋಲ್ ಲೆಕ್ಕ ಹಾಕಿದರೆ ಗೊತ್ತಾಗುತ್ತೆ ಕಣಪ್ಪಾ' ಎಂದು ಹೇಳಿಕೊಟ್ಟಳು.

ಮೋಲ್ ಎಂದರೇನು?

ಡಜನ್ ಇದ್ದಂತೆ ಮೋಲ್ ಕೂಡ ಒಂದು ಎಣಿಕೆ. ಡಜನ್ ಎಂದರೆ 12. ಮೋಲ್ ಎಂದರೆ ಸುಮಾರು 6ರ ಮುಂದೆ 23 ಸೊನ್ನೆ! ಡಜನ್ ನಿಂಬೆಹಣ್ಣಿಗೂ ಡಜನ್ ತೆಂಗಿನಕಾಯಿಗೂ ಎಣಿಕೆ ಒಂದೇ, ತೂಕ ಬೇರೆ. ಹಾಗೆಯೇ ಒಂದು ಮೋಲ್ ಪರಮಾಣುಗಳ ತೂಕ ಜಲಜನಕಕ್ಕೆ 1 ಗ್ರಾಂ, ಇಂಗಾಲಕ್ಕೆ 12, ಸಾರಜನಕಕ್ಕೆ 14, ಆಮ್ಲಜನಕಕ್ಕೆ 16.

ಯೂರಿಯಾದ ಒಂದು ಅಣುವಿನಲ್ಲಿ 1 ಇಂಗಾಲ, 1 ಆಮ್ಲಜನಕ, 2 ಸಾರಜನಕ, 4 ಜಲಜನಕ. ಒಂದು ಮೋಲ್ ಯೂರಿಯಾ 12+16+28+4 = 60 ಗ್ರಾಂ. 60ರಲ್ಲಿ 28 ಸಾರಜನಕ. ಚೀಲದ ಮೇಲಿನ 46% ಬಂದದ್ದು ಇಲ್ಲಿಂದಲೇ.

ಹೊಲದಲ್ಲಿ ನಡೆಯುವುದು

ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ನೀರಿನ ಜೊತೆ ಸೇರಿಸಿ ಒಡೆಯುತ್ತದೆ.

1 ಮೋಲ್ ಯೂರಿಯಾ (60) + 1 ಮೋಲ್ ನೀರು (18) = 2 ಮೋಲ್ ಅಮೋನಿಯ (34) + 1 ಮೋಲ್ ಇಂಗಾಲದ ಡೈ ಆಕ್ಸೈಡ್ (44)

ಎರಡೂ ಕಡೆ 78. ತಕ್ಕಡಿ ಸರಿಯಾಯಿತು. ಗ್ರಾಂ ಬದಲು ಕಿಲೋ ಎಂದರೂ ಲೆಕ್ಕ ಇದೇ. ಈಗಿನ ಚೀಲ 45 ಕಿಲೋ, ಅಂದರೆ 60ರ ಮುಕ್ಕಾಲು. ಎಲ್ಲವನ್ನೂ ಮುಕ್ಕಾಲು ಮಾಡಿ:

ನೀರು 13.5 ಕಿಲೋ (13.5 ಲೀಟರು)
ಅಮೋನಿಯ 25.5 ಕಿಲೋ
ಅದರೊಳಗಿನ ಸಾರಜನಕ 21 ಕಿಲೋ

ನೋಡಿ, ಇಡೀ ಚೀಲ ಒಡೆಯಲು ಒಂದು ಕೊಡ ನೀರು ಸಾಕು! ಅಷ್ಟು ನೀರು ಇಬ್ಬನಿಯಲ್ಲೇ ಇರುತ್ತದೆ. ಆದರೆ ಗೊಬ್ಬರವನ್ನು ಬೇರಿಗೆ ಇಳಿಸುವ ಶಕ್ತಿ ಇಬ್ಬನಿಗಿಲ್ಲ. ಮಣ್ಣಿನ ಮೇಲೆಯೇ ಹುಟ್ಟಿದ ಅಮೋನಿಯದಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ. ನನ್ನ ಮೂಗಿಗೆ ಬಡಿದದ್ದು ಅದೇ. ಹಸಿ ಮಣ್ಣಿನೊಳಗೆ ಹುಟ್ಟಿದರೆ ಅದು ಅಮೋನಿಯಂ ಆಗಿ ಜೇಡಿಯ ಕಣಕ್ಕೆ ಅಂಟಿಕೊಂಡು ಬೆಳೆಗೆ ಸಿಗುತ್ತದೆ.

ಈ ವರ್ಷ ಮಳೆ ಬಂದು ಹದ ಸಿಕ್ಕಿದ ಮೇಲೆಯೇ ಸಾಲಿನ ಪಕ್ಕ ಯೂರಿಯಾ ಹಾಕಿ, ಅವತ್ತೇ ಎಡೆಕುಂಟೆ ಹೊಡೆದು ಮುಚ್ಚಿದೆ. ಘಾಟು ಬರಲಿಲ್ಲ, ರಾಗಿ ಹಸಿರಾಯಿತು.

ಮೋಡ ನಂಬಿ ಚೀಲ ಬಿಚ್ಚಬೇಡಿ, ಹದ ನೋಡಿ ಬಿಚ್ಚಿ.